ಜಾಹೀರಾತಿಗೆ ಬಾರದ ಕೆಲಸ ಯಾರಿಗೆ ಸಿಗುತ್ತದೆ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ತಡೆಯಿಲ್ಲದೆ ನದಿಗೆ ಹರಿಯತೊಡಗಿತು. ಅಚ್ಚುಕಟ್ಟಿನ ರೈತರ ಬೆಳೆ ಆ ನೀರನ್ನೇ ನಂಬಿತ್ತು. ಅಂಥ ಹೊತ್ತಿನಲ್ಲಿ ‘ಅರ್ಹ ಅಭ್ಯರ್ಥಿಗಳಿಂದ ಅರ್ಜಿ ಆಹ್ವಾನಿಸಲಾಗಿದೆ’ ಎಂದು ಪ್ರಕಟಣೆ ಹೊರಡಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಈ ಕೆಲಸ ಬಲ್ಲವರು ಯಾರು ಎಂಬುದಷ್ಟೇ ಆಗಿನ ಪ್ರಶ್ನೆ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರಿಗೆ ಕರೆ ಹೋಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್ ಲಾಗ್‌ಗಳನ್ನು ಇಳಿಸುವ ಕಾರ್ಯ ಸುಮಾರು ಒಂದು ವಾರದಲ್ಲಿ ಯಶಸ್ವಿಯಾಯಿತು.

ಇದು ಅಸಾಧಾರಣ ಸಂದರ್ಭ, ನಿಜ. ಆದರೆ ಕೆಲಸವೂ ಕೆಲಸಗಾರನೂ ಪರಸ್ಪರ ಸಂಧಿಸುವ ಬಗೆ ಸಾಮಾನ್ಯ ದಿನಗಳಲ್ಲಿಯೂ ಇದಕ್ಕಿಂತ ತೀರ ಭಿನ್ನವಾಗಿಲ್ಲ. ಪದವಿ ಮುಗಿಸಿದ ಯುವಕ ಯುವತಿಯರು ಪತ್ರಿಕೆಯ ಉದ್ಯೋಗ ಪುಟವನ್ನೂ ಮೊಬೈಲಿನ ಪರದೆಯನ್ನೂ ದಿಟ್ಟಿಸುತ್ತ ಕುಳಿತಿರುವಾಗ, ಅನೇಕ ಖಾಸಗಿ ಕೆಲಸಗಳು ಯಾವ ಪ್ರಕಟಣೆಯೂ ಇಲ್ಲದೆ ಬಾಯಿಂದ ಬಾಯಿಗೆ ಹಬ್ಬಿ ಭರ್ತಿಯಾಗಿಬಿಡುತ್ತವೆ. ಇದನ್ನೆಲ್ಲ ‘ವಶೀಲಿ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನಮ್ಮ ರೂಢಿ. ಆದರೆ ಕೆಲಸದ ಸುದ್ದಿ ತಿಳಿಸುವುದು ಬೇರೆ, ಅರ್ಹತೆಯನ್ನು ಬದಿಗೊತ್ತಿ ಕೆಲಸ ಕೊಡಿಸುವುದು ಬೇರೆ. ಮೊದಲನೆಯದು ಪರಿಚಯ, ಎರಡನೆಯದು ವಶೀಲಿ. ಈ ಭೇದವನ್ನು ಅರಿಯದಿದ್ದರೆ ಉದ್ಯೋಗಾರ್ಥಿಯೂ ದಾರಿ ತಪ್ಪುತ್ತಾನೆ, ಸಮಾಜವೂ ತನ್ನ ಹೊಣೆಯಿಂದ ನುಣುಚಿಕೊಳ್ಳುತ್ತದೆ.

ಸುದ್ದಿ ಹರಿಯುವ ಹಾದಿ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯನ್ನು ಒಟ್ಟಿಗೆ ನೋಡಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ಆಡಳಿತದ ಗೆರೆ ಬದಲಾದರೂ ದುಡಿಮೆಯ ನಂಟು ಕಡಿದಿಲ್ಲ. ಕೆಲವೇ ಹತ್ತು ಕಿಲೋಮೀಟರುಗಳ ಅಂತರದಲ್ಲಿ ಉಕ್ಕು, ಗಣಿ, ಪ್ರವಾಸೋದ್ಯಮ ಮತ್ತು ಭತ್ತ ಎಂಬ ನಾಲ್ಕು ಬಗೆಯ ಕೆಲಸಗಳು ಇಲ್ಲಿವೆ. ನಾಲ್ಕಕ್ಕೂ ತಮ್ಮದೇ ಆದ ಸುದ್ದಿಯ ಹಾದಿಗಳಿವೆ.

ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಥೆ ದೀರ್ಘವಾದದ್ದು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಇಲ್ಲಿ ಸಾರ್ವಜನಿಕ ವಲಯದ ವಿಜಯನಗರ ಉಕ್ಕು ಕಾರ್ಖಾನೆಗೆ ಶಂಕುಸ್ಥಾಪನೆ ನೆರವೇರಿಸಿದರು. ಆ ಕಾರ್ಖಾನೆ ಮೇಲೇಳಲಿಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಸ್ಥಾಪನೆಯಾಗಿ, ಇಂದು ಅದು ದೇಶದ ಅತಿ ದೊಡ್ಡ ಉಕ್ಕು ಘಟಕಗಳಲ್ಲಿ ಒಂದಾಗಿ ಬೆಳೆದಿದೆ. ಇಂಥ ಬೃಹತ್ ಕಾರ್ಖಾನೆ ಎಂಜಿನಿಯರುಗಳ ನೇಮಕಕ್ಕೆ ಪ್ರಕಟಣೆ ನೀಡಬಹುದು, ಕಾಲೇಜುಗಳಿಗೆ ಬಂದು ಸಂದರ್ಶನ ನಡೆಸಬಹುದು. ಆದರೆ ಯಾವುದೇ ಉಕ್ಕಿನ ಕಾರ್ಖಾನೆಯ ಸುತ್ತ ನಿರ್ವಹಣೆ, ಸಾಗಣೆ, ಊಟೋಪಚಾರ, ಕಾವಲು ಮುಂತಾದ ಗುತ್ತಿಗೆಗಳ ದೊಡ್ಡ ವರ್ತುಲವೇ ಇರುತ್ತದೆ. ಒಂದು ಘಟಕವನ್ನು ದುರಸ್ತಿಗಾಗಿ ಕೆಲವು ವಾರ ನಿಲ್ಲಿಸಿದಾಗ ಗುತ್ತಿಗೆದಾರನಿಗೆ ಫಿಟ್ಟರು, ವೆಲ್ಡರು, ರಿಗ್ಗರುಗಳು ಕೂಡಲೇ ಬೇಕು. ಆತ ಪತ್ರಿಕಾ ಕಚೇರಿಗೆ ಹೋಗುವುದಿಲ್ಲ. ತನ್ನ ಮೇಲ್ವಿಚಾರಕನನ್ನು ಕೇಳುತ್ತಾನೆ, ಮೇಲ್ವಿಚಾರಕ ತನ್ನ ಕೈಕೆಳಗಿನವರನ್ನು ಕೇಳುತ್ತಾನೆ. ಸಂಜೆಯ ಹೊತ್ತಿಗೆ ಹೆಸರುಗಳ ಪಟ್ಟಿ ಸಿದ್ಧವಾಗಿರುತ್ತದೆ.

ಹಂಪಿಯಲ್ಲಿ ಇದೇ ಕೆಲಸವನ್ನು ಋತುಮಾನ ಮಾಡುತ್ತದೆ. ಮಳೆಗಾಲ ಕಳೆದು ಚಳಿಗಾಲ ಸಮೀಪಿಸಿದಂತೆ ಪ್ರವಾಸಿಗರು ಹೆಚ್ಚುತ್ತಾರೆ. ಹೊಸಪೇಟೆಯ ವಸತಿಗೃಹಗಳಿಗೆ, ಆನೆಗೊಂದಿ ಬದಿಯ ಹೋಂಸ್ಟೇಗಳಿಗೆ ಅಡುಗೆಯವರು, ಸ್ವಾಗತಕಾರರು, ವಾಹನ ಚಾಲಕರು ಬೇಕಾಗುತ್ತಾರೆ. ಒಬ್ಬ ಅಡುಗೆಯವನು ಬಿಟ್ಟುಹೋದರೆ ಬದಲಿಯನ್ನು ಬಹುಮಟ್ಟಿಗೆ ಇನ್ನೊಬ್ಬ ಅಡುಗೆಯವನೇ ಸೂಚಿಸುತ್ತಾನೆ. ಕಂಪ್ಲಿಯ ಭತ್ತದ ಬಯಲಿನಲ್ಲಿ ಕಾಲುವೆಯ ನೀರೇ ಪಂಚಾಂಗ. ನೀರು ಬಿಟ್ಟಾಗ ನಾಟಿಗೆ ಆಳು, ಕೊಯ್ಲಾದಾಗ ಯಂತ್ರದ ಚಾಲಕರು, ಬಳಿಕ ಅಕ್ಕಿ ಗಿರಣಿಗಳಿಗೆ ಹಮಾಲರು, ತೂಕದವರು, ಲೆಕ್ಕ ಬರೆಯುವವರು. ಗಿರಣಿಯ ಲೆಕ್ಕಪತ್ರ ನೋಡಿಕೊಳ್ಳಲು ಬಿ.ಕಾಂ. ಓದಿದವರೊಬ್ಬರು ಬೇಕೆಂಬ ವಿಷಯ ಮೊದಲು ತಿಳಿಯುವುದು ಲೆಕ್ಕ ಪರಿಶೋಧಕರ ಕಚೇರಿಗೆ, ಮಂಡಿಯ ವರ್ತಕರಿಗೆ. ಊರಿನ ಪದವಿ ಕಾಲೇಜಿಗೆ ಅದು ತಲುಪುವುದು ತಡವಾಗಿ, ಇಲ್ಲವೇ ತಲುಪುವುದೇ ಇಲ್ಲ.

ದೂರದ ಪರಿಚಯದ ಬೆಲೆ

ಈ ವಿದ್ಯಮಾನ ನಮ್ಮ ಊರಿಗಷ್ಟೇ ಸೀಮಿತವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1970ರ ದಶಕದ ಆರಂಭದಲ್ಲಿ ಬಾಸ್ಟನ್ ಸಮೀಪದ ನ್ಯೂಟನ್ ಎಂಬಲ್ಲಿ ಕೆಲಸ ಬದಲಿಸಿದ್ದ ವೃತ್ತಿಪರರು, ತಂತ್ರಜ್ಞರು ಮತ್ತು ವ್ಯವಸ್ಥಾಪಕರನ್ನು ಅಧ್ಯಯನ ಮಾಡಿದರು. ಅರ್ಧಕ್ಕೂ ಹೆಚ್ಚು ಮಂದಿಗೆ ಕೆಲಸ ದೊರೆತದ್ದು ಪರಿಚಯದ ಮೂಲಕ. ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಕೆಲಸದ ಸುದ್ದಿ ಕೊಟ್ಟವರ ಪೈಕಿ ಪದೇ ಪದೇ ಭೇಟಿಯಾಗುತ್ತಿದ್ದ ಆಪ್ತರು ಶೇ 17ರಷ್ಟು ಮಾತ್ರ. ಉಳಿದವರೆಲ್ಲ ಆಗಾಗ ಇಲ್ಲವೇ ಅಪರೂಪಕ್ಕೆ ಸಿಗುತ್ತಿದ್ದವರು: ಹಳೆಯ ಸಹೋದ್ಯೋಗಿ, ಕಾಲೇಜಿನ ಸಹಪಾಠಿ, ಇನ್ಯಾವುದೋ ನೆಪದಲ್ಲಿ ಗುರುತಾದವರು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಲಿಂಕ್ಡ್‌ಇನ್ ಜಾಲತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡ ಅಧ್ಯಯನವೂ ತೀರ ಆಪ್ತವಲ್ಲದ, ಸಾಧಾರಣ ಸಡಿಲವಾದ ನಂಟುಗಳೇ ಹೊಸ ಕೆಲಸಕ್ಕೆ ಹೆಚ್ಚು ಸಹಕಾರಿ ಎಂದು ಕಂಡುಕೊಂಡಿತು.

ಕಾರಣ ಸರಳವಾಗಿದೆ. ನಮ್ಮ ಆಪ್ತರು ನಾವಿರುವ ಲೋಕದಲ್ಲಿಯೇ ಇರುವವರು. ನಮಗೆ ತಿಳಿದದ್ದೇ ಅವರಿಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರಬೇಕಾದರೆ ಬೇರೆ ಲೋಕದಲ್ಲಿ ಓಡಾಡುವವರಿಂದ ಬರಬೇಕು.

ಬಳ್ಳಾರಿ ಜಿಲ್ಲೆ ಇದನ್ನು ಕಷ್ಟದ ಮೂಲಕ ಕಲಿತಿದೆ. ಕಬ್ಬಿಣದ ಅದಿರಿಗೆ ವಿದೇಶಗಳಲ್ಲಿ ಬೇಡಿಕೆ ಏರಿದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಗಳಲ್ಲಿ ಲಾರಿ ಓಡಿಸಲು, ಲೋಡು ತುಂಬಿಸಲು, ತೂಕದ ಚೀಟಿ ಬರೆಯಲು ಜನ ಸಾಲದಾಗಿತ್ತು. ಯಾವ ಜಾಹೀರಾತೂ ಬೇಕಿರಲಿಲ್ಲ. ಅಣ್ಣ ತಮ್ಮನನ್ನು, ತಮ್ಮ ಭಾವಮೈದುನನನ್ನು ಕರೆತಂದ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು. ಅಕ್ರಮಕ್ಕೆ ಕಡಿವಾಣ ಅನಿವಾರ್ಯವಾಗಿತ್ತು. ಆದರೆ ಅಣ್ಣ, ತಮ್ಮ, ಭಾವಮೈದುನ ಮೂವರೂ ಅದಿರಿನ ಲಾರಿಯನ್ನೇ ನಂಬಿದ್ದ ಮನೆಯಲ್ಲಿ, ಲಾರಿ ನಿಂತ ದಿನ ಒಬ್ಬನಿಗೊಬ್ಬ ಹೇಳಲು ಯಾವ ಹೊಸ ಸುದ್ದಿಯೂ ಉಳಿದಿರಲಿಲ್ಲ. ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿಯೂ ಇಂಥದೇ ಆಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಅನಧಿಕೃತ ಕಟ್ಟಡಗಳ ತೆರವನ್ನು ಎತ್ತಿಹಿಡಿಯಿತು. ತೆರವಿನ ಬೆನ್ನಲ್ಲೇ ಕೊರೊನಾ ದಿಗ್ಬಂಧನ ಬಂತು. ಒಂದೇ ಉದ್ಯಮದೊಳಗೆ ಹೆಣೆದ ಪರಿಚಯದ ಬಲೆ ಸುಭಿಕ್ಷದಲ್ಲಿ ಎಲ್ಲರಿಗೂ ಕೆಲಸ ಕೊಡುತ್ತದೆ, ದುರ್ಭಿಕ್ಷದಲ್ಲಿ ಎಲ್ಲರನ್ನೂ ಒಟ್ಟಿಗೆ ಮುಳುಗಿಸುತ್ತದೆ.

ಬಾಗಿಲ ಹೊರಗೆ ಉಳಿದವರು

ಪರಿಚಯದ ಹಾದಿ ಸಹಜವಾದದ್ದು ಎಂದ ಮಾತ್ರಕ್ಕೆ ಅದು ನ್ಯಾಯವಾದದ್ದೆಂದು ಭಾವಿಸಬೇಕಿಲ್ಲ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕರನ್ನು ಕರೆತರುತ್ತಿದ್ದ ‘ಜಾಬರ್’, ಅಂದರೆ ನಮ್ಮ ಮೇಸ್ತ್ರಿ, ಕೆಲಸ ಕೊಡಿಸಿದ್ದಕ್ಕೆ ದಸ್ತೂರಿ ವಸೂಲು ಮಾಡುತ್ತಿದ್ದ. 1931ರಲ್ಲಿ ವರದಿ ನೀಡಿದ ರಾಯಲ್ ಕಾರ್ಮಿಕ ಆಯೋಗ ನೇಮಕ ಮತ್ತು ವಜಾದ ಅಧಿಕಾರವನ್ನು ಜಾಬರ್‌ನಿಂದ ಕಿತ್ತುಕೊಳ್ಳಬೇಕೆಂದು ಶಿಫಾರಸು ಮಾಡಿತು. ಸುದ್ದಿ ಒಬ್ಬನ ಕೈಯಲ್ಲಿ ಮಾತ್ರ ಇದ್ದರೆ ಅದು ಮಾರಾಟದ ಸರಕಾಗುತ್ತದೆ ಎಂಬುದು ಆಗಲೇ ತಿಳಿದಿತ್ತು. ಬರಗಾಲದಲ್ಲಿ ಗುಳೇ ಹೋಗುವ ನಮ್ಮ ಬಡ ಕುಟುಂಬಗಳು ಮೇಸ್ತ್ರಿಯಿಂದ ಮುಂಗಡ ಪಡೆದು, ಆ ಋಣದಲ್ಲೇ ದುಡಿಯುವುದು ಇದರ ಮತ್ತೊಂದು ಮುಖ.

ಜಾತಿಯ ಪ್ರಶ್ನೆಯೂ ಇಲ್ಲಿದೆ. ಮೇಲ್ವಿಚಾರಕನ ನೆನಪಿಗೆ ಮೊದಲು ಬರುವ ಹೆಸರು ಅವನ ಓಣಿಯದು, ಅವನ ಬಂಧುವಿನದು. ಆ ಓಣಿಗೆ ಕಾಲಿಡದವನ ಹೆಸರು ಪಟ್ಟಿಗೆ ಸೇರುವುದು ಹೇಗೆ? ಹಾಗೆಂದು ಜಾಹೀರಾತೊಂದೇ ಪರಿಹಾರವೆನ್ನಲಾಗದು. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳುಹಿಸಲಾಗಿತ್ತು. ದಲಿತ ಮತ್ತು ಮುಸ್ಲಿಂ ಹೆಸರಿನ ಅಭ್ಯರ್ಥಿಗಳಿಗೆ ಕರೆ ಬಂದದ್ದು ಕಡಿಮೆ. ಪ್ರಕಟಣೆ ಬಾಗಿಲನ್ನು ತೋರಿಸುತ್ತದೆ. ತೆರೆಯುವ ಮನಸ್ಸು ಒಳಗಿರುವವರಲ್ಲಿ ಇರಬೇಕು.

ಮಹಿಳೆಯರ ಸ್ಥಿತಿ ಇನ್ನೂ ಕಠಿಣ. ಕೆಲಸದ ಸುದ್ದಿ ಹುಟ್ಟುವ ಚಹಾದಂಗಡಿ, ಲಾರಿ ನಿಲ್ದಾಣ, ಕಾರ್ಖಾನೆಯ ಗೇಟು ಇವೆಲ್ಲ ಗಂಡಸರ ತಾಣಗಳು. ಮಲಾವಿ ದೇಶದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅರ್ಹ ಮಹಿಳೆಯರ ಪರಿಚಯವಿದ್ದ ಪುರುಷರೂ ಕೆಲಸಕ್ಕೆ ಹೆಚ್ಚಾಗಿ ಪುರುಷರ ಹೆಸರನ್ನೇ ಸೂಚಿಸಿದರು. ಇಂಥಲ್ಲಿ ವ್ಯಕ್ತಿಯ ಬದಲು ಸಂಸ್ಥೆಯೊಂದು ನಡುವೆ ನಿಂತರೆ ಏನಾಗಬಹುದು ಎಂಬುದಕ್ಕೆ ಸಂಡೂರಿನಲ್ಲಿಯೇ ಉದಾಹರಣೆಯಿದೆ. ತಾಂಡಾದ ಮಹಿಳೆಯರ ಸೂಜಿಯ ಕೈಚಳಕ ತಲೆಮಾರುಗಳಿಂದ ಇದ್ದದ್ದೇ. ಸಂಡೂರು ಕುಶಲ ಕಲಾ ಕೇಂದ್ರ ಆ ಕೈಗಳಿಗೂ ದೂರದ ಮಾರುಕಟ್ಟೆಗೂ ಸೇತುವೆಯಾಯಿತು. ಭೌಗೋಳಿಕ ಗುರುತು ಪಡೆದ ಲಂಬಾಣಿ ಕಸೂತಿ ಇಂದು ದುಡಿಮೆಯ ಮೂಲವಾಗಿದೆ.

ಕಾನೂನಿನ ಎರಡು ಲೋಕ

ಖಾಲಿ ಹುದ್ದೆಯನ್ನು ಮುಚ್ಚಿಡುವುದು ಸರಿಯಲ್ಲವೆಂಬ ವಿವೇಕ ನಮ್ಮ ಕಾನೂನಿಗೆ ಹಿಂದೆಯೇ ಇತ್ತು. 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆ, ಸರ್ಕಾರಿ ವಲಯದ ಸಂಸ್ಥೆಗಳೂ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ವಿಧಿಸಿತ್ತು. ಆದರೆ ಅಲ್ಲಿ ನೋಂದಾಯಿಸಿದವರನ್ನೇ ನೇಮಿಸಬೇಕೆಂಬ ಕಡ್ಡಾಯವಿರಲಿಲ್ಲ. ಮೊದಲ ತಪ್ಪಿಗೆ ದಂಡದ ಮಿತಿ 500 ರೂಪಾಯಿ. ಕೃಷಿ, ಮನೆಗೆಲಸ ಹಾಗೂ ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸಗಳಿಗೆ ವಿನಾಯಿತಿ. ಕಾರ್ಖಾನೆಯ ಕೆಲವು ವಾರಗಳ ದುರಸ್ತಿ ಕೆಲಸವೂ ಕಂಪ್ಲಿಯ ನಾಟಿಯೂ ಹೀಗೆ ಕಾನೂನಿನ ಹೊರಗುಳಿದವು. ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಖಾಲಿ ಹುದ್ದೆಗಳ ಮಾಹಿತಿ ನೀಡಬೇಕೆಂಬ ತತ್ವ ಅದರಲ್ಲಿಯೂ ಮುಂದುವರಿದಿದೆ. ಹಳೆಯ ಕಾಯ್ದೆಯಂತೆ ಅದೂ ಕಡತದಲ್ಲಿ ಉಳಿಯದಂತೆ ನೋಡಿಕೊಳ್ಳಬೇಕಾಗಿದೆ.

ಸರ್ಕಾರಿ ಹುದ್ದೆಯ ಮಾತೇ ಬೇರೆ. ಅಲ್ಲಿ ಪ್ರಕಟಣೆಯಿಲ್ಲದ ನೇಮಕಕ್ಕೆ ಬೇರಿಲ್ಲ. ವಿನಿಮಯ ಕೇಂದ್ರದಿಂದ ಹೆಸರು ತರಿಸಿಕೊಂಡರೆ ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2006ರ ಏಪ್ರಿಲ್‌ನಲ್ಲಿ ಹೊರಬಿದ್ದ ಪ್ರಸಿದ್ಧ ಉಮಾದೇವಿ ಪ್ರಕರಣದ ತೀರ್ಪು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಸಂಬಂಧಿಸಿದ್ದು. ಸಂವಿಧಾನಬದ್ಧ ಆಯ್ಕೆ ಪ್ರಕ್ರಿಯೆಯಿಲ್ಲದೆ ಸೇರಿದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ಸಂವಿಧಾನ ಪೀಠ ಸ್ಪಷ್ಟಪಡಿಸಿತು. ದೀರ್ಘಕಾಲ ದುಡಿಸಿಕೊಂಡವರ ನ್ಯಾಯಯುತ ಬೇಡಿಕೆಯನ್ನು ನಿರಾಕರಿಸಲು ಈ ತೀರ್ಪನ್ನು ಆಯುಧವಾಗಿಸಿಕೊಳ್ಳಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಉದ್ಯೋಗಾರ್ಥಿಗೆ ಇದರ ಪಾಠ ಇಷ್ಟು: ಪ್ರಕಟಣೆಯಿಲ್ಲದೆ ಸರ್ಕಾರಿ ಹುದ್ದೆ ಕೊಡಿಸುತ್ತೇನೆ ಎಂದು ಯಾರೇ ಹೇಳಿದರೂ ಅವರಿಂದ ದೂರವಿರಬೇಕು.

ಕಲ್ಯಾಣ ಕರ್ನಾಟಕಕ್ಕೆ ದೊರೆತ 371(ಜೆ) ವಿಧಿಯ ಉದ್ಯೋಗ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಸೀಮಿತ. ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ವ್ಯವಸ್ಥಾಪಕ ಹುದ್ದೆಗಳ ಶೇ 50, ಉಳಿದ ಹುದ್ದೆಗಳ ಶೇ 70 ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ನೀಡಿ, ವಿರೋಧ ಬಂದೊಡನೆ ತಡೆಹಿಡಿಯಿತು. ಶೇಕಡಾವಾರಿನ ಚರ್ಚೆಯಲ್ಲಿ ಮೂಲಪ್ರಶ್ನೆ ಮರೆಯಾಯಿತು. ಗುತ್ತಿಗೆದಾರ ದೂರದ ಊರಿನವನಾದರೆ ಕೆಲಸದ ಸುದ್ದಿ ಸಾವಿರ ಕಿಲೋಮೀಟರ್ ಆಚೆಗಿನ ಅವನ ಹಳ್ಳಿಗೆ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಗೇಟಿನಿಂದ ಎರಡು ಕಿಲೋಮೀಟರ್ ದೂರದ ಹಳ್ಳಿಗೆ ಮುಟ್ಟುವುದಿಲ್ಲ. ಹುದ್ದೆ ಖಾಲಿಯಿರುವುದೇ ತಿಳಿಯದವನಿಗೆ ಶೇ 70ರಿಂದ ಏನು ಪ್ರಯೋಜನ? ಗುತ್ತಿಗೆ ಕೆಲಸಗಳೂ ಸೇರಿದಂತೆ ಎಲ್ಲ ಖಾಲಿ ಸ್ಥಾನಗಳನ್ನು ಸುತ್ತಲ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕಗಳಲ್ಲಿ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕೆಂಬ ಷರತ್ತು ವಿಧಿಸಲು ಯಾವ ಉದ್ಯಮಿಯ ವಿರೋಧವೂ ಇರಬೇಕಾಗಿಲ್ಲ. ಅದಕ್ಕೆ ಖರ್ಚಾಗುವುದು ಒಂದು ಹಾಳೆ ಕಾಗದ.

ಪ್ರಕಟಣೆಗೂ ಮುನ್ನಿನ ಸೂಚನೆ

ಅದಾಗುವವರೆಗೆ ಉದ್ಯೋಗಾರ್ಥಿ ಕೈಕಟ್ಟಿ ಕೂರಬೇಕಿಲ್ಲ. ಜಾಹೀರಾತಿಗೆ ಬಾರದ ಕೆಲಸ ಬೇರೊಂದು ರೂಪದಲ್ಲಿ ಮೊದಲೇ ಪ್ರಕಟವಾಗಿರುವುದುಂಟು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿ, ಕಾರ್ಖಾನೆ ಅಥವಾ ಅವುಗಳ ವಿಸ್ತರಣೆಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಸೂಚನೆ ಬರುತ್ತದೆ. ಯೋಜನೆಯ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮುಂತಾದೆಡೆ ಕನ್ನಡದಲ್ಲಿಯೂ ಓದಲು ದೊರೆಯಬೇಕು. ಎಷ್ಟು ಮಂದಿಗೆ ಕೆಲಸ ಸಿಗಬಹುದೆಂಬ ಅಂದಾಜು ಸಾಮಾನ್ಯವಾಗಿ ಇಂಥ ವರದಿಗಳಲ್ಲಿರುತ್ತದೆ. ಧೂಳು ಮತ್ತು ನೀರಿನ ಬಗ್ಗೆ ಪ್ರಶ್ನಿಸಬೇಕಾದ ಅದೇ ಸಭೆಯಲ್ಲಿ, ಆ ಕೆಲಸಗಳಿಗೆ ಯಾವ ತರಬೇತಿ ಬೇಕು, ನೇಮಕದ ಸುದ್ದಿಯನ್ನು ಎಲ್ಲಿ ಪ್ರಕಟಿಸುತ್ತೀರಿ ಎಂದೂ ಕೇಳಬಹುದು. ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ.

ಸರ್ಕಾರಿ ಟೆಂಡರುಗಳೂ ಹಾಗೆಯೇ. ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯಿಂದಾಗಿ ಕಾಮಗಾರಿಗಳಿಗೆ ಬಹಿರಂಗ ಟೆಂಡರು ಕರೆಯಬೇಕು. ಕಾಲುವೆ ದುರಸ್ತಿಯ ಗುತ್ತಿಗೆ ಪಡೆದವನಿಗೆ ಇನ್ನು ಕೆಲವೇ ದಿನಗಳಲ್ಲಿ ಡಿಪ್ಲೊಮಾ ಓದಿದ ಮೇಲ್ವಿಚಾರಕನೊಬ್ಬ ಬೇಕಾಗುತ್ತಾನೆ ಎಂಬುದು ಊಹೆಗೆ ನಿಲುಕುವ ಮಾತು. ಟೆಂಡರ್ ಪ್ರಕಟಣೆಯನ್ನು ಉದ್ಯೋಗದ ಮುನ್ಸೂಚನೆಯೆಂದು ಓದುವ ಅಭ್ಯಾಸ ನಮ್ಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಬರಬೇಕು. ಶಿಶಿಕ್ಷು ತರಬೇತಿ ಮತ್ತೊಂದು ನೇರ ದಾರಿ. ಅದು ಕೆಲಸದ ಭರವಸೆ ನೀಡದು. ಆದರೆ ಕಾರ್ಖಾನೆಯೊಳಗೆ ಒಂದು ವರ್ಷ ದುಡಿದವನ ಕೈಗೆಲಸವನ್ನು ಹತ್ತು ಮಂದಿ ಕಣ್ಣಾರೆ ಕಂಡಿರುತ್ತಾರೆ.

ಪರಿಚಯ ಬೆಳೆಸುವುದೆಂದರೆ ಹಲ್ಲುಗಿಂಜುವುದಲ್ಲ. ‘ಒಂದು ಕೆಲಸ ಕೊಡಿಸಿ ಸಾರ್’ ಎಂಬ ಮಾತಿಗೆ ‘ನೋಡೋಣ’ ಎಂಬ ಉತ್ತರದ ಹೊರತು ಬೇರೇನೂ ಸಿಗದು. ಅದರ ಬದಲು ‘ನಿಮ್ಮಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ, ನಾನು ಇನ್ನೇನು ಕಲಿತಿರಬೇಕು’ ಎಂದು ಕೇಳಿದರೆ ಬಹಳಷ್ಟು ಮಂದಿ ಮನಬಿಚ್ಚಿ ಮಾತನಾಡುತ್ತಾರೆ. ಹಳೆಯ ಅಧ್ಯಾಪಕರು, ಎರಡು ಮೂರು ವರ್ಷ ಮೊದಲು ಓದಿದವರು, ಬೇರೆ ಉದ್ಯಮದಲ್ಲಿರುವ ದೂರದ ನಂಟರು ಇಂಥವರ ಬಳಿಗೆ ಮೊದಲು ಹೋಗಬೇಕು. ಎಚ್ಚರವೂ ಅಗತ್ಯ. ಗೇಟ್ ಪಾಸಿಗೆ, ಸಮವಸ್ತ್ರಕ್ಕೆ, ‘ಮೇಲಿನವರಿಗೆ’ ಎಂದು ಹಣ ಕೇಳುವಲ್ಲಿ ಕೆಲಸವಿಲ್ಲ, ಮೋಸವಿದೆ. ಕೆಲಸಕ್ಕೆ ಸೇರಿದ ಮೇಲೆ ನೇಮಕಾತಿ ಪತ್ರ, ಭವಿಷ್ಯನಿಧಿಯ ಸಂಖ್ಯೆ ಇವನ್ನು ಕೇಳಿ ಪಡೆಯುವುದು ಹಕ್ಕು.

ಕೊನೆಗೂ ಈ ಪ್ರಶ್ನೆ ಕೆಲಸ ಹುಡುಕುವವರಿಗಿಂತ ಕೆಲಸದಲ್ಲಿರುವವರಿಗೆ ಹೆಚ್ಚು ಸಂಬಂಧಿಸಿದ್ದು. ಯಾವ ಕಚೇರಿಯಲ್ಲಿ ಯಾರು ನಿವೃತ್ತರಾಗುತ್ತಿದ್ದಾರೆ, ಯಾವ ಅಂಗಡಿ ಹೊಸ ಶಾಖೆ ತೆರೆಯುತ್ತಿದೆ ಎಂಬುದು ಮೊದಲು ತಿಳಿಯುವುದು ಈ ಪುಟವನ್ನು ಓದುವ ಮಧ್ಯಮ ವರ್ಗಕ್ಕೆ. ಆ ಸುದ್ದಿಯನ್ನು ನಾವು ಮೊದಲು ಹೇಳುವುದು ನಮ್ಮ ತಂಗಿಯ ಮಗನಿಗೆ. ಅದು ಸಹಜ, ತಪ್ಪೆನ್ನಲಾಗದು. ಅದೇ ದಿನ ಊರಿನ ಸರ್ಕಾರಿ ಕಾಲೇಜಿನ ಪ್ರಾಚಾರ್ಯರಿಗೂ ಒಂದು ಫೋನು ಮಾಡಿದರೆ, ಯಾರ ಪರಿಚಯವೂ ಇಲ್ಲದ ಒಬ್ಬ ಹುಡುಗಿ ನಮ್ಮ ತಂಗಿಯ ಮಗನ ಜೊತೆಯಲ್ಲಿ ಸಂದರ್ಶನಕ್ಕೆ ಕುಳಿತಿರುತ್ತಾಳೆ. ಅಲ್ಲಿಂದ ಮುಂದಕ್ಕೆ ಇಬ್ಬರಲ್ಲಿ ಯೋಗ್ಯರು ಯಾರೆಂಬುದನ್ನು ಅವರ ಕೆಲಸ ನಿರ್ಧರಿಸಲಿ.